ಮೋಡಕ್ಕೆ ಬಿದ್ದ ತೂತು

ಪರದೇಶಕ್ಕೆ ಹೋದವನು ಬರಿಗೈಯಲ್ಲಿ ಊರಿಗೆ ಮರಳಬಾರದು ಎಂಬುದು ನಮ್ಮ ಕಡೆ ಯಾರೂ ಬರೆದಿಡದ ಕಾಯಿದೆ. ಕೊಲ್ಲಿ ದೇಶಗಳಿಗೆ ಹೋದವರು ಸೆಂಟು, ಟಾರ್ಚು, ಟೇಪ್‌ರೆಕಾರ್ಡರು ತಂದರು. ನಾನು ಗ್ರೀಸ್ ದೇಶದಿಂದ ಒಂದು ಫೋಟೋ ತಂದೆ. ಅಂಗೈಗಿಂತ ತುಸು ದೊಡ್ಡದು. ಅದರಲ್ಲಿ ಮನುಷ್ಯರಿಲ್ಲ, ಗುಡಿಯಿಲ್ಲ, ಸಮುದ್ರವಿಲ್ಲ. ತುಂಬ ಮೋಡ, ಮೋಡದ ನಟ್ಟನಡುವೆ ಒಂದು ತೂತು, ಅಷ್ಟೇ. ಆ ದೇಶದ ಹಳೆಯ ಕಂಬಗಳ ಬಗ್ಗೆ ತಿಳಿಯಬೇಕೆನ್ನುವವರು ಬೇರೆಯವರು ಬರೆದದ್ದನ್ನು ಓದಿಕೊಳ್ಳಲಿ. ಕಂಬ ನೋಡುವ ಮನಸ್ಸು ನನಗೆ ಹೋಗುವಾಗಲೂ ಇರಲಿಲ್ಲ, ಬಂದ ಮೇಲಂತೂ ಅದರ ನೆನಪೂ ಬೇಡವಾಗಿದೆ.

ಕಾಗವಾಡ

ನಮ್ಮ ಹೊಲ ಇರುವುದು ಕಾಗವಾಡದಿಂದ ಜುಗೂಳಕ್ಕೆ ಹೋಗುವ ದಾರಿಯಲ್ಲಿ. ಕೃಷ್ಣೆಯ ನೀರು ಸಿಗುವುದರಿಂದ ಅಪ್ಪ ಕಬ್ಬು ಹಚ್ಚಿದ್ದ. ನಾನು ಕಬ್ಬು ತೆಗೆದು ದ್ರಾಕ್ಷಿ ಹಚ್ಚಿದೆ. ಅಥಣಿ ದಾಟಿ ಮೂಡಲಿಗೆ ಹೋದರೆ ಹೊಳೆಯಿಲ್ಲ, ಕಾಲುವೆಯಿಲ್ಲ. ಅಲ್ಲಿ ಕರಿ ಎರೆ ಭೂಮಿ, ಹಿಂಗಾರಿ ಮಳೆ, ಬಿಳಿಜೋಳ. ಆಗ ಎಲ್ಲವೂ ಒಂದೇ ತಾಲೂಕು, ಆದರೆ ಆಕಾಶದ ಹತ್ತಿರ ನಾವು ಬೇಡುವುದೇ ಬೇರೆ, ಅವರು ಬೇಡುವುದೇ ಬೇರೆ. ಹಿಂಗಾರಿಯ ಹೊತ್ತಿಗೆ ನಾವು ದ್ರಾಕ್ಷಿಗೆ ಚಾಟ್ನಿ ಮಾಡುತ್ತೇವೆ, ಅಂದರೆ ಬಳ್ಳಿ ಕತ್ತರಿಸಿ ಹೊಸ ಚಿಗುರು ಬರಿಸುತ್ತೇವೆ. ಆ ಎಳೆ ಚಿಗುರಿನ ಮೇಲೆ ಮಳೆ ಬಿದ್ದರೆ ರೋಗ ಬಡಿಯಿತೆಂದೇ ತಿಳಿಯಬೇಕು. ಅದೇ ವಾರಗಳಲ್ಲಿ ಮೂಡಲಿನ ಮಂದಿ ಜೋಳ ಬಿತ್ತಿ, ಮುಖ ಮೇಲೆತ್ತಿ ಕುಳಿತಿರುತ್ತಾರೆ.

ಮಾಳಪ್ಪಕಾಕಾ ಆ ಮೂಡಲಿನ ಕುರಿಗಾರ. ನನಗೆ ರಕ್ತಸಂಬಂಧವೇನೂ ಅಲ್ಲ, ಆದರೆ ಅಪ್ಪನ ಕಾಲದಿಂದಲೂ ಪ್ರತಿ ಬೇಸಿಗೆಗೆ ತನ್ನ ಹಿಂಡು ಹೊಡೆದುಕೊಂಡು ಬಂದು ನಮ್ಮ ಹೊಲದಲ್ಲಿ ಕುರಿ ತರುಬುತ್ತಿದ್ದ. ಕೊಯ್ಲಾದ ಹೊಲದಲ್ಲಿ ರಾತ್ರಿ ಹಿಂಡು ನಿಲ್ಲಿಸುವುದಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ. ಹಿಕ್ಕೆ ಬಿದ್ದು ನೆಲ ಹದವಾಗುತ್ತದೆ, ಬದಲಿಗೆ ಕುರಿಗಾರನಿಗೆ ಕಾಳು ಮತ್ತು ಊಟ. ನಾವು ಜೈನರು, ನಮ್ಮ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲವಾದ್ದರಿಂದ ಆತ ಬರುವ ದಿನ ಜುಗೂಳದ ರಸ್ತೆಯಲ್ಲಿ ಧೂಳೆಬ್ಬಿಸಿ ಹಿಂಡನ್ನು ಓಡಿಸುತ್ತಿದ್ದ. "ಲಗೂ ನಡೀರಲೇ, ಬಸ್ತಿ ಮಂದಿ ಒಲಿ ಆರಸ್ತಾರ!" ಎಂದು ಕುರಿಗಳಿಗೆ ಕೂಗುವುದು ನಮ್ಮ ಅಂಗಳಕ್ಕೇ ಕೇಳುತ್ತಿತ್ತು. ಅವ್ವ ಮುಂದಿನ ಟಗರಿನ ಹಣೆಗೆ ಅರಿಶಿಣ ಹಚ್ಚುವಳು. ನನ್ನನ್ನು ಆತ ಕರೆಯುತ್ತಿದ್ದದ್ದು ತಮ್ಮಾ ಎಂದು. ನಾನು ಮೂರು ಮಕ್ಕಳ ತಂದೆಯಾದ ಮೇಲೂ ಅದು ಬದಲಾಗಿರಲಿಲ್ಲ.

ಒಂದು ಹಿಂಗಾರಿಯಲ್ಲಿ ಅಥಣಿಯ ಮೇಲೆ ಮೋಡ ಕಟ್ಟಿದ್ದಾಗ ಎಲ್ಲಿಂದಲೋ ಒಂದು ಸಣ್ಣ ವಿಮಾನ ಬಂದು ಮೋಡದೊಳಗೆ ಹೊಕ್ಕು ಹೊರಡುತ್ತ ಸುತ್ತಾಡಿತು. ಮರುದಿನವೂ ಬಂತು. ಅದು ಯಾರದು, ಏನು ಮಾಡುತ್ತಿತ್ತು ಎಂಬುದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಮಳೆ ಬೀಳಲಿಲ್ಲ. ಮೋಡ ಚೆದುರಿ ಹೋಯಿತು. ದ್ರಾಕ್ಷಿ ಮಂದಿ ಕೂಡಿಕೊಂಡು ವಿಮಾನ ತರಿಸಿ ಮೋಡ ಒಡೆಸಿದ್ದಾರೆ ಎಂದು ಮೂಡಲಿನ ಊರುಗಳಲ್ಲಿ ಗುಲ್ಲೆದ್ದಿತು. ನಮಗೆ ವಿಮಾನ ತರಿಸುವಷ್ಟು ಒಗ್ಗಟ್ಟು ಇದ್ದಿದ್ದರೆ ಔಷಧ ಹೊಡೆಯುವ ಪಂಪನ್ನಾದರೂ ಜಗಳವಿಲ್ಲದೆ ಹಂಚಿಕೊಳ್ಳುತ್ತಿದ್ದೆವು. ಆದರೆ ಬಾಯಾರಿದವರ ಮುಂದೆ ಇಂಥ ಜಾಣತನ ನಡೆಯುವುದಿಲ್ಲ.

ಆ ಬೇಸಿಗೆಗೆ ಮಾಳಪ್ಪಕಾಕಾ ಒಬ್ಬನೇ ಬಂದ. ಹಿಂಡಿಲ್ಲ, ನಾಯಿಯಿಲ್ಲ. ಅಂಗಳದಾಚೆ ದನದ ಕೊಟ್ಟಿಗೆಯ ಕಟ್ಟೆಯ ಮೇಲೆ ಕುಳಿತ.

"ಈ ಸಲ ಕುರಿ ತರೂದಿಲ್ಲ ತಮ್ಮಾ. ದ್ರಾಕ್ಷಿ ಮಂದಿ ಹೊಲದಾಗ ಯಾರೂ ಕುರಿ ತರಬಬಾರ್ದಂತ ನಮ್ಮೂರಾಗ ಕಟ್ಟು ಮಾಡ್ಯಾರ."

"ನೀನೂ ನಂಬ್ತೀಯೇನ ಕಾಕಾ? ನಾವು ಮೋಡ ಒಡಸೇವಂತ?"

ಆತ ಅವ್ವ ತಂದಿಟ್ಟ ತಂಬಿಗೆಯ ನೀರನ್ನು ಪೂರ್ತಿ ಕುಡಿದು, ಬಾಯಿ ಒರೆಸಿಕೊಂಡು, ಆಕಾಶ ನೋಡಿದ.

"ಮಂದಿಗೆ ಹೆಂಗ ಹೇಳೂದು? ಮ್ಯಾಲೆ ಹೋಗಿ ನೋಡಿ ಬಂದವ್ರ ಯಾರದಾರ?" ಎಂದು ಎದ್ದು ಹೋದ.

ಆ ಮಾತು ನನ್ನೊಳಗೆ ಮುಳ್ಳಿನಂತೆ ಮುರಿದು ಕುಳಿತಿತು. ಆತ ನಂಬಿದ್ದಾನೆ, ನಂಬಿದ್ದಕ್ಕೇ ಒಳಗೆ ಬರಲಿಲ್ಲ ಎಂದು ನಾನು ತಿಳಿದೆ. ಮುಂದಿನ ವರ್ಷ ನಮ್ಮ ಬೆಳೆಗಾರರ ಸಂಘದವರು ಒಣದ್ರಾಕ್ಷಿ ಮಾಡುವುದನ್ನು ನೋಡಿ ಬರಲು ಇಬ್ಬರನ್ನು ಗ್ರೀಸಿಗೆ ಕಳಿಸುವ ಮಾತೆತ್ತಿದಾಗ, ಜನ್ಮದಲ್ಲಿ ಯಾವುದಕ್ಕೂ ಮುಂದೆ ಬಿದ್ದು ಕೇಳದ ನಾನು ಎದ್ದು ನಿಂತು ಕೇಳಿಕೊಂಡೆ. ಒಣದ್ರಾಕ್ಷಿ ನೆಪ. ಮೇಲೆ ಹೋಗಿ ನೋಡಿ ಬರುವವನು ನಾನಾಗಬೇಕಿತ್ತು. ನೋಡಿ ಬಂದು, ಮಾಳಪ್ಪಕಾಕಾನ ಮುಂದೆ ಕುಳಿತು, ಹೀಗಲ್ಲ ಹೀಗೆ ಎಂದು ಹೇಳಿ, ಹಿಂಡನ್ನು ವಾಪಸು ತರಬೇಕಿತ್ತು.

ಅವ್ವ ಸುಲಭಕ್ಕೆ ಒಪ್ಪಲಿಲ್ಲ. "ಚಾತುರ್ಮಾಸದಾಗ ಮುನಿಗಳ ಸೈತ ಊರು ದಾಟಂಗಿಲ್ಲ. ನೀ ಸಮುದ್ರ ದಾಟ್ತೀಯೇನು?"

"ನಾ ಮುನಿ ಏನ ಅಲ್ಲಬೇ," ಅಂದೆ.

"ಅದು ಕಾಣಸ್ತೈತಿ ಬಿಡು," ಅಂದಳು ಅವ್ವ.

ಮುಂಬಯಿಯಿಂದ ಮೇಲಕ್ಕೆ

ಜೊತೆಗೆ ಬಂದವರು ನಿಪ್ಪಾಣಿಯ ವಸಂತರಾವ್. ತಂಬಾಕಿನ ವ್ಯಾಪಾರ ಬಿಟ್ಟು ಹೊಸದಾಗಿ ದ್ರಾಕ್ಷಿಗೆ ಕೈಹಾಕಿದ್ದರು. ಅರ್ಧ ಮಾತು ಕನ್ನಡ, ಅರ್ಧ ಮರಾಠಿ, ಜಗತ್ತಿನ ಯಾವ ಮೂಲೆಗೆ ಹೋದರೂ ಇವೆರಡರಲ್ಲಿ ಒಂದು ನಡೆದೇ ನಡೆಯುತ್ತದೆಂಬ ಗಟ್ಟಿ ನಂಬಿಕೆ. ಚೀಲದಲ್ಲಿ ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಚುರುಮುರಿ. ಅಥೆನ್ಸಿನಲ್ಲಿ ಕಸ್ಟಮ್ಸಿನವನು ಆ ಚಟ್ನಿಯ ಡಬ್ಬಿಯನ್ನು ಮೂಗಿಗೆ ಹಿಡಿದು ಬಲವಾಗಿ ಉಸಿರೆಳೆದುಕೊಂಡ. ಆಮೇಲೆ ನಮ್ಮ ಬೇರೆ ಚೀಲಗಳನ್ನು ಬಿಚ್ಚುವ ಸ್ಥಿತಿಯಲ್ಲಿ ಅವನು ಇರಲಿಲ್ಲ.

ಆದರೆ ನಾನು ಹೇಳಬೇಕಾದದ್ದು ಮುಂಬಯಿಯ ಆಕಾಶದ ಮಾತು. ಹೊರಗೆ ಜಿನುಗು ಮಳೆ. ವಿಮಾನ ನೆಲ ಬಿಟ್ಟದ್ದೇ ತಡ, ರೆಕ್ಕೆಯ ಮೇಲಿಂದ ಬೆಳ್ಳಗೆ ಹೊಗೆಯಂಥದ್ದು ಹಾಳೆ ಹಾಳೆಯಾಗಿ ಎದ್ದು ಮಾಯವಾಗತೊಡಗಿತು. ವಸಂತರಾವ್ ನನ್ನ ತೋಳು ಹಿಡಿದು, "ಅರೇ ದೇವಾ! ಭರಮಣ್ಣಾ, ರೆಕ್ಕಿಗೆ ಬೆಂಕಿ ಹತ್ತೇತಿ!" ಎಂದು ಕೂಗಿದರು. ಹಿಂದಿನ ಸಾಲಿನವರು ನಕ್ಕರು. ಬೆಂಕಿಯಲ್ಲವೆಂದು ತಿಳಿಯಿತು, ಏನೆಂದು ಮಾತ್ರ ತಿಳಿಯಲಿಲ್ಲ.

ಆಮೇಲೆ ಮೋಡ ಬಂತು. ನಾನು ಕಿಟಕಿಗೆ ಹಣೆ ಹಚ್ಚಿ ಕುಳಿತೆ. ಮೋಡ ಒಡೆಯುವಾಗ ಸಪ್ಪಳವಾಗುತ್ತದೆಯೋ, ಅರಿವೆ ಹರಿದಂತೆ ಸೀಳು ಕಾಣುತ್ತದೆಯೋ ಎಂದು ಉಸಿರು ಬಿಗಿಹಿಡಿದಿದ್ದೆ. ಏನೂ ಇಲ್ಲ. ಸುತ್ತ ಬಿಳಿ ಕತ್ತಲೆ. ವಿಮಾನ ಮಾತ್ರ ರಾಯಬಾಗದ ರಸ್ತೆಯಲ್ಲಿ ಖಾಲಿ ಟ್ರ್ಯಾಕ್ಟರ್ ಟ್ರೇಲರು ಕುಣಿದಂತೆ ಕುಣಿಯಿತು. ಮೋಡ ಒಡೆಯುವುದಿರಲಿ, ಮೋಡವೇ ನಮ್ಮನ್ನು ಒಡೆಯುವಂತಿತ್ತು. ಗಗನಸಖಿಯನ್ನು ಕರೆದು ನನ್ನ ಕುಂಟು ಇಂಗ್ಲಿಷಿನಲ್ಲಿ, ವಿಮಾನ ಹಾದರೆ ಮೋಡ ಒಡೆಯುತ್ತದೆಯೇ ಎಂದು ಕೇಳಿದೆ. ಆಕೆ ಅನುಕಂಪದಿಂದ ನೋಡಿ ಒಂದು ಗುಳಿಗೆ ಮತ್ತು ನೀರು ತಂದುಕೊಟ್ಟಳು.

ಮೇಲೆ ಹೋದ ಮೇಲೆ ಬಿಸಿಲು. ಕೆಳಗೆ ಹಾಸಿದ ಮೋಡದ ಮೇಲೆ ನಮ್ಮ ವಿಮಾನದ ಪುಟ್ಟ ನೆರಳು ಓಡುತ್ತಿತ್ತು, ನೆರಳಿನ ಸುತ್ತ ಕಾಮನಬಿಲ್ಲಿನ ಬಣ್ಣದ ದುಂಡನೆಯ ಬಳೆ. ಬಸ್ತಿಯಲ್ಲಿ ಮೂರ್ತಿಯ ಹಿಂದೆ ಇರುವ ಪ್ರಭಾವಳಿಯೇ ಸರಿ. ಯಾವ ಯಂತ್ರದ ದೆಸೆಯಿಂದ ನನ್ನ ಮನೆಯ ಅಂಗಳಕ್ಕೆ ಕುರಿ ಬರುವುದು ನಿಂತಿತೋ ಆ ಯಂತ್ರಕ್ಕೆ ಮೇಲೆ ಇಂಥ ಮರ್ಯಾದೆ! ಮೇಲೆ ಹೋಗಿ ನೋಡಿದ್ದಾಯಿತು, ಆದರೆ ಕಂಡದ್ದೇನೂ ಮಾಳಪ್ಪಕಾಕಾನಿಗೆ ಹೇಳುವಂಥದ್ದಾಗಿರಲಿಲ್ಲ.

ಸ್ತಾವ್ರೊನ ಮನೆ

ಒಣದ್ರಾಕ್ಷಿಯ ಕೆಲಸ ದಕ್ಷಿಣದಲ್ಲಿ ಮುಗಿಯಿತು. ಅದರ ವರದಿ ಸಂಘಕ್ಕೆ ಕೊಟ್ಟಿದ್ದೇನೆ, ಅಲ್ಲಿ ಯಾರೂ ಓದಿದಂತಿಲ್ಲ. ಅಲ್ಲಿಂದ ನಮ್ಮನ್ನು ಉತ್ತರದ ಗುಡ್ಡಗಾಡಿನ ಒಂದು ಹಳ್ಳಿಗೆ ಕಳಿಸಿದರು. ನಾವು ಇಳಿದುಕೊಂಡ ಮನೆಯ ಯಜಮಾನ ಸ್ತಾವ್ರೊ ಮೊದಲು ಹಡಗಿನಲ್ಲಿ ದುಡಿದವನು, ಈಗ ದ್ರಾಕ್ಷಿ ತೋಟದವನು. ಮುಂಬಯಿ ಬಂದರು ಕಂಡಿದ್ದನಂತೆ. "ಚಾಯ್, ಪಾನಿ, ಜಲ್ದಿ" ಎಂಬ ಮೂರು ಮಾತು ಬರುತ್ತಿದ್ದವು. ಉಳಿದದ್ದಕ್ಕೆ ಅವನ ಮುರುಕು ಇಂಗ್ಲಿಷು, ನನ್ನ ಮುರುಕು ಇಂಗ್ಲಿಷು. ಇಬ್ಬರಿಗೂ ನಾಚಿಕೆಯಿರಲಿಲ್ಲವಾದ್ದರಿಂದ ಮಾತು ಸಲೀಸಾಗಿ ಸಾಗಿತು.

ಅಲ್ಲಿಯವರು ಇಲ್ಲ ಎನ್ನಲು ತಲೆ ಅಡ್ಡ ಆಡಿಸುವುದಿಲ್ಲ. ಗದ್ದ ಮೇಲೆತ್ತಿ ನಾಲಿಗೆಯಿಂದ ಚ್ಚ ಎನ್ನುತ್ತಾರೆ, ಥೇಟು ನಮ್ಮ ಅವ್ವನ ಹಾಗೆ. ಗಂಡಸರೆಲ್ಲ ಕೈಯಲ್ಲಿ ಮಣಿಯ ಸರ ಹಿಡಿದು ಎಣಿಸುವುದನ್ನು ಕಂಡು, ಎಂಥ ಭಕ್ತಿಯ ಊರಪ್ಪ, ನಮ್ಮವರಿಗೂ ಹೇಳಬೇಕು ಅಂದುಕೊಂಡೆ. ಕೇಳಿದರೆ ಜಪವಲ್ಲವಂತೆ, ಸುಮ್ಮನೆ ಕೈಗೊಂದು ಆಟವಂತೆ. ಊಟದ ಚಿಂತೆ ನನ್ನನ್ನು ಊರಿನಿಂದಲೇ ಕಾಡಿತ್ತು. ಅದನ್ನು ನೀಗಿಸಿದವಳು ಸ್ತಾವ್ರೊನ ಮುದಿ ತಾಯಿ. ಮೈತುಂಬ ಕರಿ ಬಟ್ಟೆಯ ಆ ವಿಧವೆಗೆ ಆಗಸ್ಟ್ ತಿಂಗಳ ಆ ದಿನಗಳಲ್ಲಿ ವ್ರತ. ಮಾಂಸವಿಲ್ಲ, ಮೊಟ್ಟೆಯಿಲ್ಲ, ಹಾಲೂ ಇಲ್ಲ. ಆಕೆ ಬೇಯಿಸಿದ ಅವರೆ, ಸೊಪ್ಪು, ಬ್ರೆಡ್ಡಿನ ತಾಟನ್ನು ನಾನೂ ಹಂಚಿಕೊಂಡೆ. ಹೊತ್ತು ಮುಳುಗುವ ಮೊದಲೇ ನಾನು ತಿನ್ನಬೇಕೆಂದು ತಿಳಿದಾಗಿನಿಂದ ಆಕೆ ಕಿಟಕಿಯಲ್ಲಿ ಸೂರ್ಯನನ್ನು ನೋಡುತ್ತ ನನ್ನನ್ನು ಅವಸರಪಡಿಸುತ್ತಿದ್ದಳು. ವಸಂತರಾವ್ ಮಾತ್ರ ಮನೆಯ ಚೀಸೆಲ್ಲ ತಿಂದು, "ಆಪಲಾ ಪನೀರ್ ಬರಾ," ನಮ್ಮ ಪನೀರೇ ವಾಸಿ, ಎಂದು ಹೊಟ್ಟೆ ಸವರಿಕೊಂಡರು.

ತೋಟದಲ್ಲಿ ಎಲೆಗಳೆಲ್ಲ ತೂತುಬಿದ್ದು ಚಾಳಣಿಯಾಗಿದ್ದವು. ಹೋದ ವಾರ ಆಲಿಕಲ್ಲು ಬಿದ್ದಿತ್ತಂತೆ. ನಮ್ಮಲ್ಲಿ ಬಳ್ಳಿ ಚಪ್ಪರಕ್ಕೆ ಏರಿರುತ್ತದೆ, ಇವರಲ್ಲಿ ನೆಲಕ್ಕೆ ಕುಳಿತ ಗಿಡ. ಏಟು ಬಿದ್ದರೆ ಎರಡೂ ಒಂದೇ.

"ವಿಮಾನ ಬಂದಿತ್ತು. ತಡವಾಗಿ ಬಂತು," ಅಂದ ಸ್ತಾವ್ರೊ.

"ಯಾವ ವಿಮಾನ?"

"ಮೋಡದ ವಿಮಾನ. ಆಲಿಕಲ್ಲಿನ ಮೋಡ ಕಂಡರೆ ಅದರೊಳಗೆ ಹೋಗಿ ಹೊಗೆ ಬಿಡುತ್ತದೆ. ಕಲ್ಲು ಸಣ್ಣದಾಗಲಿ ಅಂತ. ಸರಕಾರವೇ ಬಿಡುತ್ತದೆ."

ಯಾವ ಕೆಲಸವನ್ನು ನಾವು ಮಾಡಿಲ್ಲವೆಂದು ಅವ್ವನ ಮೇಲೆ ಆಣೆಯಿಟ್ಟು ಹೇಳುತ್ತಿದ್ದೆನೋ ಅದನ್ನು ಈ ದೇಶದಲ್ಲಿ ಹಾಡುಹಗಲೇ, ಎಲ್ಲರ ಕಣ್ಣೆದುರೇ ಮಾಡುತ್ತಿದ್ದರು.

ಎರಡು ಕಾಫಿ ಅಂಗಡಿ

ಅಷ್ಟು ಸಣ್ಣ ಹಳ್ಳಿಗೆ ಎರಡು ಕಾಫಿ ಅಂಗಡಿ, ಎದುರುಬದುರು. ನಡುವೆ ಒಂದು ದೊಡ್ಡ ಮರ. ಒಂದರಲ್ಲಿ ತೋಟದವರು, ಇನ್ನೊಂದರಲ್ಲಿ ಗುಡ್ಡದ ಕುರಿಗಾರರು. ಸ್ತಾವ್ರೊ ತನ್ನ ಅಂಗಡಿಯಲ್ಲಿ ಗಂಟೆಗಟ್ಟಲೆ ಕೂತು ಮಣಿ ಎಣಿಸಿಯಾನು, ಮರದ ಆಚೆ ಕಾಲಿಡಲಾರ. ಯಾಕೆಂದು ಕೇಳಿದರೆ ಗದ್ದ ಮೇಲೆತ್ತಿ ಚ್ಚ ಅಂದ.

ನಾನು ಒಬ್ಬನೇ ಆಚೆ ಹೋದೆ. ಒಳಗೆ ಉಣ್ಣೆಯ ಮತ್ತು ಹಾಲಿನ ಅದೇ ಪರಿಚಿತ ವಾಸನೆ. ಕೋಲಿಗೆ ಗದ್ದವಿಟ್ಟು ಕುಳಿತಿದ್ದ ಮೀಸೆಯ ಮುದುಕನೊಬ್ಬ ಕುರ್ಚಿ ತೋರಿಸಿದ. ಮಾತಿಲ್ಲ, ಕತೆಯಿಲ್ಲ. ನನ್ನೂರಿನಲ್ಲೂ ಕುರಿಗಾರರು ನಮ್ಮವರೇ ಎಂದು ಹೇಗಾದರೂ ತಿಳಿಸಬೇಕೆನಿಸಿ ಬ್ಯಾ ಎಂದು ಕುರಿಯಂತೆ ಅರಚಿ ನನ್ನ ಎದೆ ತಟ್ಟಿಕೊಂಡೆ. ಅಂಗಡಿಗೆ ಅಂಗಡಿಯೇ ನಕ್ಕಿತು. ಮುದುಕ ಕಣ್ಣೊರೆಸಿಕೊಂಡು ನನಗೆ ಕಾಫಿ ತರಿಸಿದ. ಕೆಳಗೆ ಅರ್ಧ ಲೋಟ ಗಸಿಯಿರುವ ಆ ಕಾಫಿಯನ್ನು ಗಸಿಸಮೇತ ಕುಡಿದದ್ದಕ್ಕೆ ಮತ್ತೊಂದು ಸುತ್ತು ನಗೆ.

ಆಮೇಲೆ ನಾನು ಆಕಾಶ ತೋರಿಸಿ, ಅಂಗೈ ಚಾಚಿ ವಿಮಾನ ಹಾರಿಸಿದೆ. ಮುದುಕನ ನಗು ನಿಂತಿತು. ಅವನೂ ತನ್ನ ಅಂಗೈಯನ್ನು ವಿಮಾನದಂತೆ ಹಾರಿಸಿದ. ಎರಡೂ ಕೈಯಿಂದ ಏನನ್ನೋ ಹಿಡಿದು ಪರ್ರನೆ ಹರಿದ. ನೆಲ ತೋರಿಸಿ, ಹುಲ್ಲು ಮೇಯುವಂತೆ ಬಾಯಾಡಿಸಿ, ಖಾಲಿ ಅಂಗೈಯನ್ನು ನನ್ನ ಮೂಗಿನ ಮುಂದೆ ಹಿಡಿದ. ಒಂದೇ ಒಂದು ಶಬ್ದವಿಲ್ಲದೆ ಪೂರ್ತಿ ಅಥಣಿಯ ಮೂಡಲನ್ನು ನನಗೆ ಓದಿ ಹೇಳಿದ. ಸಮುದ್ರ ದಾಟಿ ಬಂದರೂ ಅದೇ ಮಾತು, ಅದೇ ಖಾಲಿ ಅಂಗೈ.

ಎಲ್ಲಿ ಇಳಿದುಕೊಂಡಿದ್ದೀ ಎಂದು ಸನ್ನೆ ಮಾಡಿ ಕೇಳಿದ. ನಾನು ಹೆಮ್ಮೆಯಿಂದ "ಸ್ತಾವ್ರೊ" ಅಂದೆ. ಮುದುಕ ಬೈಯಲಿಲ್ಲ, ಎದ್ದು ಹೋಗೆನ್ನಲಿಲ್ಲ. ತನ್ನ ಕುರ್ಚಿಯನ್ನು ಆಚೆ ತಿರುಗಿಸಿಕೊಂಡು ಬೇರೆಯವರ ಜೊತೆ ಮಾತಿಗೆ ತೊಡಗಿದ. ನನ್ನ ಎರಡನೆಯ ಕಾಫಿ ಹಾಗೇ ಉಳಿಯಿತು. ಎದ್ದು ಮರ ದಾಟಿ ಈಚೆ ಬರುವಾಗ ನನಗೆ ಆ ದೇಶದ ಮೇಲೆ, ನನ್ನ ದೇಶದ ಮೇಲೆ, ಮೋಡದ ಮೇಲೆ, ಎಲ್ಲದರ ಮೇಲೂ ಸಿಟ್ಟು ಬಂತು.

ಮೋಡದ ವಿಮಾನಗಳ ಬಯಲು

ನನ್ನ ಕಾಟ ತಾಳಲಾರದೆ ಸ್ತಾವ್ರೊ ನಮ್ಮನ್ನು ಆ ವಿಮಾನಗಳು ನಿಲ್ಲುವ ಬಯಲಿಗೆ ಕರೆದೊಯ್ದ. ಎರಡು ಪಂಖದ ಸಣ್ಣ ವಿಮಾನಗಳು, ರೆಕ್ಕೆಯ ಕೆಳಗೆ ಸಾಲಾಗಿ ಕಟ್ಟಿದ ಹೊಗೆಬತ್ತಿಗಳು. ಅಲ್ಲಿದ್ದ ಹವಾಮಾನದ ಮನುಷ್ಯನ ಹೆಸರು ಯಾನಿ. ನಿದ್ದೆಗೆಟ್ಟ ಕಣ್ಣು, ಒಳ್ಳೆಯ ಇಂಗ್ಲಿಷು. ನಾನು ಪೀಠಿಕೆಯಿಲ್ಲದೆ ಕೇಳಿದೆ: "ವಿಮಾನ ಮೋಡ ಒಡೆಯುತ್ತದೆಯೋ ಇಲ್ಲವೋ?"

ಅವನು ನಗಲಿಲ್ಲ. ಅದಕ್ಕೇ ನಾನು ಅವನನ್ನು ನಂಬಿದೆ.

ಮೊದಲು ಮುಂಬಯಿಯ ಹೊಗೆಯ ಗುಟ್ಟು ಬಿಡಿಸಿದ. ರೆಕ್ಕೆಯ ಮೇಲೆ ಹಾಯುವಾಗ ಗಾಳಿ ಒಮ್ಮೆಲೇ ಹಿಗ್ಗುತ್ತದೆ, ಹಿಗ್ಗಿದ್ದು ತಣ್ಣಗಾಗುತ್ತದೆ, ಅದರಲ್ಲಿನ ತೇವ ಒಂದು ಗಳಿಗೆ ಮಂಜಾಗಿ ಕಾಣುತ್ತದೆ. ಎತ್ತರದಲ್ಲಿ ಹೋಗುವ ವಿಮಾನದ ಹಿಂದಿನ ಬಿಳಿ ಗೆರೆ ಬೇರೆ. ಅದು ಚಳಿಗಾಲದ ಮುಂಜಾನೆ ನಮ್ಮ ಬಾಯಿಯಿಂದ ಬರುವ ಉಗಿಯ ಜಾತಿಯದು. ಮೇಲಿನ ಗಾಳಿ ಒಣಗಿದ್ದರೆ ಗೆರೆ ತಕ್ಷಣ ಅಳಿಸಿಹೋಗುತ್ತದೆ, ತೇವವಿದ್ದರೆ ನಿಂತು ಹರಡಿ ತೆಳ್ಳನೆಯ ಮೋಡವೇ ಆಗುತ್ತದೆ.

"ಹಾಗಾದರೆ ವಿಮಾನ ಮೋಡ ಕೂಡಿಸುತ್ತದೆ, ಒಡೆಯುವುದಿಲ್ಲ!" ನಾನು ಕುಣಿಯುವುದೊಂದು ಬಾಕಿ.

"ಒಮ್ಮೊಮ್ಮೆ ಒಡೆಯುತ್ತದೆ," ಎಂದು ಗೋಡೆಯ ಮೇಲಿನ ಒಂದು ಫೋಟೋ ತೋರಿಸಿದ.

ತೆಳ್ಳಗೆ ಹಾಸಿದ ಮೋಡ. ನಡುವೆ ರೊಟ್ಟಿಯಂತೆ ದುಂಡನೆಯ ತೂತು. ತೂತಿನೊಳಗೆ ನೀಲಿ ಆಕಾಶ, ಅಲ್ಲಿಂದ ಹಿಂಜಿದ ಉಣ್ಣೆಯಂತೆ ಜೋತುಬಿದ್ದ ಎಳೆಗಳು. ಮೇಲಿನ ತಣ್ಣನೆಯ ಮೋಡದಲ್ಲಿ ನೀರು ಮಂಜುಗಡ್ಡೆಯಾಗುವಷ್ಟು ತಣ್ಣಗಾದರೂ ಎಷ್ಟೋ ಸಲ ನೀರಾಗಿಯೇ ಉಳಿದಿರುತ್ತದಂತೆ. ವಿಮಾನ ಹಾದಾಗ ರೆಕ್ಕೆಯ ಮೇಲೆ, ಪಂಖದ ತುದಿಯಲ್ಲಿ ಗಾಳಿ ಇನ್ನಷ್ಟು ತಣ್ಣಗಾಗಿ ಕೆಲವು ಹನಿ ಹರಳಾಗುತ್ತವೆ. ಆ ಹರಳುಗಳು ಸುತ್ತಲಿನ ತೇವವನ್ನೆಲ್ಲ ಎಳೆದುಕೊಂಡು ದಪ್ಪಗಾಗುತ್ತ ಕೆಳಗೆ ಉದುರುತ್ತವೆ. ತೂತು ತಾನಾಗಿ ಅಗಲವಾಗುತ್ತ ಹೋಗುತ್ತದೆ.

"ಹಾಲಿಗೆ ಹೆಪ್ಪು ಹಾಕಿದ ಹಾಗೆ," ಅಂದೆ ನಾನು. "ಚೂರು ಮೊಸರು ಬಿದ್ದರೆ ಪಾತ್ರೆಯೆಲ್ಲ ಮೊಸರು."

ಅವರದೂ ಮೊಸರಿನ ದೇಶ. ಯಾನಿಗೆ ಹೋಲಿಕೆ ಹಿಡಿಸಿತು. "ಆದರೆ ನಿಮ್ಮ ಮಳೆಮೋಡ ಇದಲ್ಲ," ಎಂದ. "ಇದು ತೆಳ್ಳಗಿನದು, ಮಳೆ ಕೊಡುವಂಥದ್ದೇ ಅಲ್ಲ. ನಿಮ್ಮದು ಬೆಟ್ಟದ ಮೇಲೆ ಬೆಟ್ಟ ಇಟ್ಟಷ್ಟು ಎತ್ತರ. ಅದರ ಕೆಳಭಾಗ ಬೆಚ್ಚಗಿನ ನೀರು, ಅಲ್ಲಿ ಹೆಪ್ಪು ಹತ್ತುವುದೇ ಇಲ್ಲ. ಒಂದು ವಿಮಾನದಿಂದ ಅದಕ್ಕೇನಾಗುತ್ತದೆ?"

ಕೃಷ್ಣೆಗೆ ಮಹಾಪೂರ ಬಂದಾಗ ಒಂದು ಎಮ್ಮೆ ನೀರಿಗಿಳಿದ ಹಾಗೆ ಎಂದು ನಾನು ಮನಸ್ಸಿನಲ್ಲೇ ಬರೆದುಕೊಂಡೆ. ಮಾಳಪ್ಪಕಾಕಾನಿಗೆ ಇದನ್ನೇ ಹೇಳಬೇಕು.

"ಅಂದರೆ ವಿಮಾನದಿಂದ ಮಳೆ ತಪ್ಪುವುದಿಲ್ಲ. ಖಂಡಿತ ತಾನೇ?"

ಯಾನಿ ಸುಸ್ತಾದವನಂತೆ ಕುಳಿತುಕೊಂಡ. "ಬೀಳದ ಮಳೆ ಯಾಕೆ ಬೀಳಲಿಲ್ಲ ಎಂದು ಯಾರು ಸಾಬೀತು ಮಾಡಬೇಕು? ಆಲಿಕಲ್ಲು ಬಿದ್ದ ದಿನ ತೋಟದವರಿಗೆ ನಾನು ಕೈಲಾಗದವನು. ಮಳೆ ಬೀಳದ ದಿನ ಕುರಿಗಾರರಿಗೆ ನಾನು ಕಳ್ಳ. ಮೋಡ ನನ್ನ ಮಾತು ಕೇಳುತ್ತಿದ್ದರೆ ನಾನು ಈ ಕೆಲಸದಲ್ಲಿ ಯಾಕಿರುತ್ತಿದ್ದೆ?"

ಹೊರಡುವಾಗ ನನ್ನ ಆಸೆಗಣ್ಣು ನೋಡಿ ಆ ಫೋಟೋವನ್ನು ಗೋಡೆಯಿಂದ ಬಿಡಿಸಿ ಕೊಟ್ಟುಬಿಟ್ಟ.

ದಾರಿಯಲ್ಲಿ ವಸಂತರಾವ್ ಒಂದೇ ಮಾತು ಹಿಡಿದರು. "ಭರಮಣ್ಣಾ, ಆ ಫೋಟೋ ಇಲ್ಲೇ ಹರದ ಒಗದ ಬಿಡು. ಊರಾಗ ಒಂದ ಮಾತ ಸಾಕ: ವಿಮಾನದಿಂದ ಮೋಡಕ್ಕ ಏನೂ ಆಗಂಗಿಲ್ಲ. ಮುಗೀತು."

"ಅದು ಸುಳ್ಳ ಆಕ್ಕೈತಲ್ರಿ."

"ಅರ್ಧಾ ಸುಳ್ಳು. ಅರ್ಧಾ ಸುಳ್ಳ ನಡೀತೈತೋ, ಅರ್ಧಾ ಖರೇ ನಡೆಂಗಿಲ್ಲ."

ಅವರದು ವ್ಯಾಪಾರದ ಬುದ್ಧಿ ಎಂದು ನಾನು ಒಳಗೊಳಗೇ ಮೂಗು ಮುರಿದೆ. ಸುಳ್ಳಾಡಬಾರದೆಂಬ ವ್ರತ ನಮ್ಮ ಮನೆತನಕ್ಕೆ ಹುಟ್ಟಿನಿಂದ ಬಂದದ್ದು. ಇದ್ದದ್ದನ್ನು ಇದ್ದಂತೆ, ಹೌದಾದದ್ದಕ್ಕೆ ಹೌದು, ಅಲ್ಲದ್ದಕ್ಕೆ ಅಲ್ಲ ಎಂದು ಬಿಡಿಸಿ ಹೇಳಿದರೆ ಮಾಳಪ್ಪಕಾಕಾನಂಥ ಮನುಷ್ಯ ತಿಳಿಯದೆ ಇದ್ದಾನೆಯೇ?

ಅಥಣಿಯ ಮೂಡಲಿಗೆ

ಊರಿಗೆ ಬಂದು ದಣಿವಾರಿಸಿಕೊಂಡವನೇ ಅಥಣಿಯ ಬಸ್ಸು ಹಿಡಿದು, ಅಲ್ಲಿಂದ ಮೂಡಲಿನ ಬಸ್ಸು ಹತ್ತಿದೆ. ಇನ್ನೂ ಹಿಂಗಾರಿ ಶುರುವಾಗಿರಲಿಲ್ಲ. ಬಸ್ಸಿನ ಕಿಟಕಿಯಾಚೆ ಹರಗಿಟ್ಟ ಕರಿ ಹೊಲಗಳು ಮಳೆಗೆ ಬಾಯಿತೆರೆದುಕೊಂಡಿದ್ದವು.

ಮಾಳಪ್ಪಕಾಕಾ ಬೇವಿನ ಕಟ್ಟೆಯ ಮೇಲೆ ಕದರು ತಿರುಗಿಸುತ್ತ ಉಣ್ಣೆ ನೂಲುತ್ತಿದ್ದ. ನನ್ನನ್ನು ಕಂಡು ಮುಖ ಅರಳಿತು. ಕಂಬಳಿ ಝಾಡಿಸಿ ಹಾಸಿದ.

"ಬಾ ತಮ್ಮಾ, ಬಾ. ಮ್ಯಾಲೆ ಹೋಗಿ ನೋಡಿ ಬಂದಿ ಅಂತಲ್ಲೋ! ಹೇಳ ನೋಡೂನು."

ಊರಿನ ಕೆಲವರು ಬಂದು ಸುತ್ತ ನಿಂತರು. ಅವರ ಮುಖ ಬಿಗಿದಿತ್ತು, ಆದರೂ ಕೇಳುತ್ತಿದ್ದರು. ನಾನು ಮುಂಬಯಿಯ ಮೋಡದಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ. ನಾನು ಕುರಿಯಂತೆ ಅರಚಿದ್ದಕ್ಕೆ ಕಾಕಾ ಬಿದ್ದು ಬಿದ್ದು ನಕ್ಕ. ಹೆಪ್ಪಿನ ಮಾತಿಗೆ ತಲೆಯಾಡಿಸಿದ. ಹೊಳೆಯ ಎಮ್ಮೆಯ ಮಾತಿಗೆ, "ಕೇಳ್ರಿಲೇ, ಕೇಳ್ರಿ, ಎಮ್ಮಿ ಇಳದ್ರ ಹೊಳಿ ಬತ್ತತೈತೇನು?" ಎಂದು ಸುತ್ತ ನಿಂತವರ ಕಡೆ ಕೈಯೆತ್ತಿದ. ಒಬ್ಬಿಬ್ಬರು ಹೌದೆನ್ನುವಂತೆ ಕೆಮ್ಮಿದರು. ನನ್ನ ಕಣ್ಣಿಗೆ ಆಗಲೇ ಜುಗೂಳದ ರಸ್ತೆಯ ಧೂಳು ಕಾಣತೊಡಗಿತ್ತು. ಅಲ್ಲಿಗೇ ಬಾಯಿ ಮುಚ್ಚಿದ್ದರೆ ಆಗುತ್ತಿತ್ತು. ನಾನು ಚೀಲಕ್ಕೆ ಕೈಹಾಕಿ ಫೋಟೋ ತೆಗೆದೆ.

ಆತ ಅದನ್ನು ಬಿಸಿಲಿಗೆ ಹಿಡಿದು ನೋಡಿದ. ಹತ್ತಿರ ಹಿಡಿದು ನೋಡಿದ, ದೂರ ಹಿಡಿದು ನೋಡಿದ. ಕದರು ತಿರುಗುವುದು ನಿಂತಿತು.

"ಇದು ವಿಮಾನ ಹೋಗಿದ್ದಕ್ಕ ಬಿದ್ದದ್ದೇನು?"

"ಹೂಂ ಕಾಕಾ. ಆದ್ರ ಇದು ತೆಳ್ಳನ ಮೋಡ. ಮಳಿ ಮೋಡ ಅಲ್ಲ. ನಮ್ಮ ಮೋಡಕ್ಕ ಹಿಂಗ ಆಗಂಗಿಲ್ಲಂತ ಅಲ್ಲಿಯವ್ರು..."

"ಅದಿರ್ಲಿ. ತೂತು ಬಿದ್ದೈತಿ ಹೌದಲ್ಲೋ?"

"ಬಿದ್ದೈತಿ."

"ಮತ್ತ ಆ ದೇಶದಾಗ ದ್ರಾಕ್ಷಿ ಮಂದಿ ಸಲವಾಗಿ ವಿಮಾನ ಬಿಡ್ತಾರ. ಅದೂ ಖರೇನ?"

"ಖರೇ. ಆದ್ರ ಅದು ಆಲಿಕಲ್ಲಿಗೆ..."

ಸುತ್ತ ನಿಂತವರಲ್ಲಿ ಗುಜುಗುಜು ಎದ್ದಿತು. ಫೋಟೋ ಕಾಕಾನ ಕೈಯಿಂದ ಇನ್ನೊಬ್ಬನ ಕೈಗೆ, ಅಲ್ಲಿಂದ ಮತ್ತೊಬ್ಬನ ಕೈಗೆ ಹೋಯಿತು. ಕೊನೆಗೆ ಯಾರ ಕೈ ಸೇರಿತೋ ಕಾಣಲಿಲ್ಲ. ಅದು ಮತ್ತೆ ನನಗೆ ಸಿಗಲಿಲ್ಲ. ಆಮೇಲೆ ಸಂತೆ ಸಂತೆಗೂ ಅದನ್ನು ಒಯ್ದು ತೋರಿಸಿದರೆಂದು ಕೇಳಿದ್ದೇನೆ.

ಮಾಳಪ್ಪಕಾಕಾ ಉಣ್ಣೆಯನ್ನು ಮೆಲ್ಲಗೆ ಕದರಿಗೆ ಸುತ್ತಿಟ್ಟ.

"ಇಡೀ ಊರು ವಿಮಾನ ಮೋಡ ಒಡದೈತಿ ಅಂತಿತ್ತು," ಎಂದ. ದನಿ ಇಳಿದಿತ್ತು. "ನಾ ಒಬ್ಬನ ಇಲ್ಲ ಅಂತಿದ್ದೆ. ಚಾವಡಿ ಮುಂದ ನಿಂತು ಜಗಳಾಡೇನಿ. ಗಾಳಿಯೊಳಗ ಹೋಗೂ ಗಾಡಿಯಿಂದ ಮೋಡಕ್ಕೇನಾಕ್ಕೈತ್ರಲೇ, ಭರಮೂನ ಮನ್ಯಾವ್ರು ಅಂಥಾವ್ರಲ್ಲ ಅಂತ ಕಂಡಕಂಡವ್ರ ಕೂಡ ಕಡಿದಾಡೇನಿ. ಬರೂ ಬ್ಯಾಸಗಿಗೆ ಕಟ್ಟು ಬಿಡಸಬೇಕಂತ ನಾಕ ಮಂದಿನ್ನ ಒಪ್ಪಿಸಿ ಇಟ್ಟಿದ್ದೆ."

"ಮತ್ತ ಅವತ್ತ ನಾ ಕೇಳಿದಾಗ ಯಾಕ ಸುಮ್ಮನಿದ್ದಿ ಕಾಕಾ? ನೀ ನಂಬೀದಿ ಅಂತ ತಿಳದೆ ನಾನು."

"ಬಾಯಿಲೆ ಹೇಳಬೇಕಿತ್ತೇನು? ನಿಮ್ಮ ಮನಿ ನೀರ ಕುಡದ ಎದ್ದ ಬಂದಿನಲ್ಲ."

ತಂಬಿಗೆಯ ತಳ ಕಾಣುವವರೆಗೆ ಆತ ಕುಡಿದದ್ದು ನನ್ನ ಕಣ್ಣ ಮುಂದೆ ಬಂತು. ಆಗದವರ ಮನೆಯಲ್ಲಿ ನಮ್ಮ ಕಡೆ ಯಾರೂ ನೀರು ಮುಟ್ಟುವುದಿಲ್ಲ. ಇಷ್ಟು ಸಣ್ಣ ಮಾತು, ಇಲ್ಲೇ ಹುಟ್ಟಿ ಇಲ್ಲೇ ಬೆಳೆದ ನನಗೆ ತಿಳಿಯಲಿಲ್ಲ. ಇದ್ದ ಉತ್ತರವನ್ನು ಅಂಗಳದಲ್ಲೇ ಬಿಟ್ಟು ಅದನ್ನು ಹುಡುಕಲು ಸಮುದ್ರ ದಾಟಿದೆ. ಅಲ್ಲಿಂದ, ನನ್ನನ್ನು ನಂಬಿದ್ದ ಒಬ್ಬನೇ ಮನುಷ್ಯನ ನಂಬಿಕೆ ಕೆಡಿಸುವ ಸಾಮಾನು ಹುಡುಕಿ, ಜೋಪಾನವಾಗಿ ಹೊತ್ತು ತಂದೆ.

"ಕಾಕಾ, ನಾವು ಮಾಡ್ಸಿಲ್ಲ. ಅವ್ವನಾಣಿ," ಅಂದೆ.

ಆತ ನನ್ನ ಮುಖ ನೋಡಲಿಲ್ಲ. ಎದ್ದು, ನಾನು ಕುಳಿತಿದ್ದ ಕಂಬಳಿಯ ಅಂಚು ಹಿಡಿದು, ನಾನು ಏಳುವುದನ್ನು ಕಾಯುತ್ತ ನಿಂತ. ನಾನು ಎದ್ದೆ. ಕಂಬಳಿ ಮಡಚಿ ಹೆಗಲಿಗೆ ಹಾಕಿಕೊಂಡ.

"ಬಸ್ಸ ಬರೂ ಹೊತ್ತಾತ್ರಿ," ಎಂದ. "ಹೊಂಡ್ರಿ ಸಾವ್ಕಾರ್ರ."

ಅವನ ಬಾಯಲ್ಲಿ ನಾನು ಸಾವ್ಕಾರನಾದದ್ದು ಅಂದೇ ಮೊದಲು.